ಯಶೋಧಮ್ಮನ ‘ಪರವಾಗಿಲ್ಲ’

ಹೆಬ್ಬಾಳದ ಆ ನರ್ಸಿಂಗ್ ಹೋಮಿನ ಆಯಾ ಯಶೋಧಮ್ಮ ಇಪ್ಪತ್ತೆರಡು ವರ್ಷಗಳಲ್ಲಿ ಅತಿ ಹೆಚ್ಚು ಸಲ ಆಡಿದ ಮಾತು ಒಂದೇ: ‘ಪರವಾಗಿಲ್ಲ.’ ರೋಗಿಯ ಜ್ವರ ಇಳಿದರೂ ಪರವಾಗಿಲ್ಲ, ಏರಿದರೂ ಪರವಾಗಿಲ್ಲ. ರೋಗಿಯ ಸ್ಥಿತಿ ಹೇಳುವುದು ಡಾಕ್ಟರ ಕೆಲಸ, ಆಯಾಗಳು ಬಾಯಿ ಬಿಡಕೂಡದು ಎಂಬುದು ಅಲ್ಲಿನ ಕಟ್ಟಳೆ. ಕೊಡಿಗೇಹಳ್ಳಿಯ ಈ ಹೆಂಗಸು ಕಟ್ಟಳೆ ಮೀರದೆ, ಕೇಳಿದವರ ಮುಖವನ್ನೂ ಬಾಡಿಸದೆ, ಹಾವೂ ಸಾಯದಂತೆ ಕೋಲೂ ಮುರಿಯದಂತೆ ಆ ಒಂದು ಪದದಲ್ಲೇ ಕಾಲ ಹಾಕಿದ್ದಳು. ನಮ್ಮ ಬೆಂಗಳೂರಿನವರಿಗೆ ಇದಕ್ಕಿಂತ ಅನುಕೂಲದ ಪದ ಬೇರೆ ಯಾವುದಿದೆ? ಸುಳ್ಳೆಂದು ಯಾರೂ ಹಿಡಿಯಲಾರರು. ನಿಜವೆಂದು ನಂಬಿದರೆ ಅದು ನಂಬಿದವರ ಕರ್ಮ.

ಹೋದ ಆಷಾಢದಲ್ಲಿ ಗದಗಿನ ಕಡೆಯ ವೀರಬಸಪ್ಪನವರು ಮೂತ್ರಪಿಂಡ ಕೆಟ್ಟು ಅಲ್ಲಿಗೆ ಸೇರಿದರು. ಅವರ ಮಗ ಸಂಗಮೇಶ ಯಲಹಂಕದ ಕಾಲೇಜೊಂದರಲ್ಲಿ ನೀತಿಶಾಸ್ತ್ರ ಕಲಿಸುವ ಮೇಷ್ಟ್ರು. ಮೂರೇ ದಿನಕ್ಕೆ ಅವನಿಗೆ ಈ ಪದ ಮೈಯುರಿಸಿತು.

“ಪರವಾಗಿಲ್ಲ ಅಂದ್ರ ಏನ್ರಿ ಅರ್ಥ? ಖರೇ ಹೇಳೂದು ಮನುಷ್ಯಾನ ಧರ್ಮ. ಅದರಿಂದ ಒಳ್ಳೇದಾಗ್ತೈತೋ ಕೆಟ್ಟದಾಗ್ತೈತೋ, ಅದನ್ನ ನೋಡಬಾರದು.”

“ಅಳೋರ ಎದುರಿಗೆ ನಿಂತ್ಕೊಂಡು ಇದ್ನ ಹೇಳಿ ಸಾರ್, ನೋಡಣ. ಒಂದ್ ಮಾತಿಂದ ಒಬ್ರಿಗೆ ನಿದ್ದೆ ಬಂದ್ರೆ ಅದೇನ್ ಪಾಪಾನಾ?”

“ಅಂಥಾ ನಿದ್ದಿ ನನಗ ಬ್ಯಾಡ್ರಿ.”

ವಾರವೆಲ್ಲ ಊಟದ ಹೊತ್ತಿಗೆ ಇದೇ ಜಗಳ. ಜಗಳವಾಡುತ್ತಲೇ ಅವಳಿಗೆ ಅವನ ಮೇಲೆ ಅಕ್ಕರೆ ಹುಟ್ಟಿತು. ಅದೇ ಕೇಡಾಯಿತು.

ಗುರುವಾರ ಬೆಳಿಗ್ಗೆ ಮೈ ಒರೆಸುವಾಗ ಮುದುಕರ ಪಾದ ತಣ್ಣಗಿತ್ತು, ಉಗುರು ನೀಲಿಗಟ್ಟಿತ್ತು. ಸಾವಿಗೆ ಮುಂಚಿನ ಇಂಥ ಪಾದಗಳನ್ನು ಅವಳು ಎಷ್ಟು ಕಂಡಿಲ್ಲ! ನರ್ಸಿಗೆ ಹೇಳಿದರೆ, ಡಾಕ್ಟರು ಹತ್ತಕ್ಕೆ ಬರ್ತಾರೆ ಎಂಬ ಉತ್ತರ ಬಂತು. ಅಷ್ಟರಲ್ಲಿ ಸಂಗಮೇಶ ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದ. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು.

“ಪರೀಕ್ಷಾ ಡ್ಯೂಟಿ ಐತ್ರಿ. ಹೋಗಿ ಬರ್ಲ್ಯಾ? ಖರೇ ಹೇಳ್ರಿ.”

ಆ ಮುಖ ನೋಡಿ ಅವಳಿಗೆ ನಿಜ ಹೇಳಲು ಮನಸ್ಸಾಗಲಿಲ್ಲ. “ಪರವಾಗಿಲ್ಲ ಸಾರ್, ಹೋಗ್ಬನ್ನಿ” ಅಂದುಬಿಟ್ಟಳು.

ಒಂದು ಗಂಟೆ ಕಳೆದ ಮೇಲೆ ಮುದುಕರು ಕಣ್ಣು ತೆರೆದರು. ದೃಷ್ಟಿ ಎಲ್ಲೂ ನಿಲ್ಲಲಿಲ್ಲ. “ಸಂಗಮ್ಯಾ ಬಂದನೇನು?” ಎಂದರು. ಯಶೋಧಮ್ಮ ಓಡಿಹೋಗಿ ಫೋನು ಮಾಡಿಸಿದಳು. ಪರೀಕ್ಷೆಯ ಕೋಣೆಯಲ್ಲಿದ್ದವನ ಫೋನು ಆಫ್ ಆಗಿತ್ತು. ವಾಪಸು ಬಂದಾಗ ಮುದುಕರು ಅದನ್ನೇ ಮತ್ತೆ ಕೇಳುತ್ತ ಗಾಳಿಯಲ್ಲಿ ಕೈ ಚಾಚಿದರು. ಅವಳು ಆ ಕೈಯೊಳಗೆ ತನ್ನ ಕೈಯಿಟ್ಟಳು.

“ಬಂದವ್ರೆ ಯಜಮಾನ್ರೇ. ಇಲ್ಲೇ ಅವ್ರೆ.”

ಫಿನಾಯಿಲಿನಲ್ಲಿ ನೆಂದು ಬಿರಿದ, ಬಳೆ ತೊಟ್ಟ ಕೈ ಮೇಷ್ಟ್ರ ಕೈಯಾದೀತೆ? ಮುದುಕರು ಅದನ್ನು ಮೆಲ್ಲಗೆ ಸವರಿ ನೋಡಿದರು. “ಅಡ್ಡಿಯಿಲ್ಲ ಬಿಡವ್ವಾ” ಎಂದರು. ಗದಗಿನ ಕಡೆಯವರು ಪರವಾಗಿಲ್ಲ ಎನ್ನುವುದು ಹಾಗೆ. ಹಿಡಿದ ಕೈಯನ್ನು ಮಾತ್ರ ಬಿಡಲಿಲ್ಲ. ಡಾಕ್ಟರು ಬರುವ ಮೊದಲೇ ಉಸಿರು ನಿಂತಿತು.

ಸಂಗಮೇಶ ಬಂದಾಗ ಮಧ್ಯಾಹ್ನ ಎರಡು ಗಂಟೆ. ಅಪ್ಪನ ಹಣೆ ಮುಟ್ಟಿ, ಹೊದಿಕೆ ಸರಿಮಾಡಿದ. ಆಮೇಲೆ ಅವಳನ್ನು ಕೇಳಿದ.

“ಅಪ್ಪ ನನ್ನ ಕೇಳಿದ್ನೇನ್ರಿ?”

ಇಲ್ಲ ಎನ್ನಲು ಅವಳಿಗೆ ಒಂದು ಕ್ಷಣ ಸಾಕಿತ್ತು. ಆದರೆ ಈ ಮನುಷ್ಯನಿಗೆ ಇನ್ನೊಂದು ಸುಳ್ಳು ಹೇಳಿದರೆ ನಾಲಿಗೆಗೆ ಹುಳ ಬೀಳುತ್ತದೆ ಅನ್ನಿಸಿತು.

“ಕೇಳಿದ್ರು ಸಾರ್, ಎರಡ್ ಸಲ. ನೀವ್ ಬಂದಿದೀರ ಅಂತ ನನ್ ಕೈ ಹಿಡಿಸ್ದೆ. ನಿಮ್ ಕೈ ಅಲ್ಲ ಅಂತ ಅವ್ರಿಗೆ ಗೊತ್ತಾಗೋಯ್ತು. ಬೆಳಿಗ್ಗೆ ನೀವ್ ಕೇಳ್ದಾಗ್ಲೇ ಇಂಗಾಗುತ್ತೆ ಅಂತ ನಂಗೊತ್ತಿತ್ತು ಸಾರ್.”

ಬೈಯುತ್ತಾನೆ ಎಂದು ಕಾದಳು. ಬೈದಿದ್ದರೆ ಎದೆಯ ಭಾರ ಒಂದಿಷ್ಟು ಇಳಿಯುತ್ತಿತ್ತು. ಸಂಗಮೇಶ ಬೈಯಲಿಲ್ಲ. ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡ.

“ಕೇಳ್ಲಿಲ್ಲ ಅಂತ ಅಂದಿದ್ರ ನಿಮ್ಮ ಗಂಟೇನ್ ಹೋಗ್ತಿತ್ರೀ, ಯಶೋಧಮ್ಮಾ?”