ಬನವಾಸಿಯಲ್ಲಿ ಕಲ್ಲು ಓದಿದ ದಿನ

ಉಮ್ಮಚಗಿಯಿಂದ ಬೆಳಗ್ಗೆ ಆರೂವರೆಗೆ ಕಾರಿನಲ್ಲಿ ಹೊರಟೆವು. ಬನವಾಸಿಗೆ ಹತ್ತಿರ ಹತ್ತಿರ ಅರವತ್ತು ಕಿಲೋಮೀಟರ್. ಶಿರಸಿ ಮುಟ್ಟುವುದರೊಳಗೇ ನಾನು ಸುಸ್ತಾಗಿದ್ದೆ. ಪಕ್ಕದ ಸೀಟಿನವರಿಗೆ ಬ್ರೇಕ್ ಇರುವುದಿಲ್ಲ. ಆದರೂ ದಾರಿಯುದ್ದಕ್ಕೂ ಕಾಲಿನಿಂದ ಒತ್ತುತ್ತಲೇ ಇದ್ದೆ. ನನ್ನ ಯಜಮಾನರಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ, ಅವರು ಒಪ್ಪುವುದಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣವೆಂದು ಒಂದು ವರ್ಷದಿಂದ ಹೇಳಿ ಹೇಳಿ ನನ್ನ ಬಾಯಿ ಸೋತಿದೆ.

ಒಂದು ತಿರುವಿನಲ್ಲಿ ಲಾರಿ ಕೂದಲೆಳೆಯ ಅಂತರದಲ್ಲಿ ತಪ್ಪಿತು. ನಾನು ಕೂಗಿಕೊಂಡೆ.

"ಹೆದ್ರಡ. ಈ ರಸ್ತೇಲಿ ಆನು ಕಣ್ಣು ಮುಚ್ಕಂಡೂ ಗಾಡಿ ಬಿಡ್ತೆ" ಎಂದರು.

"ಈಗ ಅದೇ ಮಾಡ್ತಾ ಇದ್ರಿ" ಎಂದೆ. ಶಿರಸಿಯಲ್ಲಿ ಬನ್ಸ್ ತಿಂದು ಚಹಾ ಕುಡಿದು ಮುಂದೆ ಹೊರಟೆವು.

ಬನವಾಸಿ ತಲುಪಿದಾಗ ಒಂಬತ್ತೂವರೆ. ಏಪ್ರಿಲ್ ಬಿಸಿಲು ಆಗಲೇ ಸುಡುತ್ತಿತ್ತು. ಮಧುಕೇಶ್ವರ ದೇವಸ್ಥಾನದಲ್ಲಿ ಕಲ್ಲಿನ ಮಂಚದ ಕೆತ್ತನೆಯನ್ನು ಅವರು ಇಂಚಿಂಚೂ ವಿವರಿಸಿದರು. ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿದವರು, ವರ್ಷ ವರ್ಷವೂ ಮಕ್ಕಳನ್ನು ಇಲ್ಲಿಗೆ ಕರೆತಂದವರು. ಕಂಡು ಹೇಳುತ್ತಿದ್ದಾರೋ ನೆನಪಿನಿಂದಲೋ ನನಗೆ ತಿಳಿಯಲಿಲ್ಲ. ಕಾಲು ನೋಯುತ್ತಿತ್ತು, ಹೂಂಗುಟ್ಟುತ್ತ ಹೋದೆ.

ಹೊಳೆಗೆ ಇಳಿಯುವ ದಾರಿಯಲ್ಲೊಂದು ಸಣ್ಣ ಗುಡಿ. ಅದರ ಎದುರು ಹಳೆಯ ಶಾಸನವಿದೆ ಎಂದು ಅವರು ನೆಟ್ಟಗೆ ಒಂದು ಕಲ್ಲಿನ ಮುಂದೆ ಹೋಗಿ ನಿಂತರು. "ಸ್ವಸ್ತಿ ಶ್ರೀ" ಎಂದು ಶುರು ಮಾಡಿ ಸಾಲಿನಿಂದ ಸಾಲಿಗೆ ಬೆರಳು ತೋರಿಸುತ್ತ, ದಂಡನಾಯಕನೊಬ್ಬ ಗುಡಿಗೆ ಗದ್ದೆ ಬಿಟ್ಟದ್ದನ್ನು ಗಟ್ಟಿಯಾಗಿ ಓದಿದರು. ಹಾವೇರಿ ಕಡೆಯ ನಾಲ್ಕೈದು ಜನ ನಿಂತು ಕೇಳಿದರು. ನಾನು ಹತ್ತಿರ ಹೋಗುವಷ್ಟರಲ್ಲಿ ಅವರಲ್ಲೊಬ್ಬ ಹೆಂಗಸು ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ತಪ್ಪು ತಿಳ್ಕೋಬ್ಯಾಡ್ರಿ ಸರ. ಇದು ಗುಡಿ ರಿಪೇರಿಗೆ ದೇಣಿಗಿ ಕೊಟ್ಟೋರ ಹೆಸರಿನ ಕಲ್ಲು. ಇಲ್ನೋಡ್ರಿ, ಇದು ನಮ್ಮ ಮಾವನೋರ ಹೆಸರು. ಶಾಸನದ್ದು ಆ ಕಡೆ ಐತ್ರಿ."

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಯಜಮಾನರ ಬೆರಳು ಕಲ್ಲಿನ ಮೇಲೆ ಹಾಗೇ ನಿಂತಿತ್ತು. ವರ್ಷವಿಡೀ ಈ ಮಾತು ಗೆಲ್ಲಬೇಕೆಂದು ಹಟ ಹಿಡಿದವಳು ನಾನು. ಗೆದ್ದ ಮೇಲೆ, ಕಾಲು ನೋಯುತ್ತಿದೆ ಕೂರೋಣ ಎಂದು ಅವರನ್ನು ಹೊಳೆಯ ಕಡೆ ಕರೆದೆ.

ವರದಾ ಹೊಳೆಯಲ್ಲಿ ನೀರು ಕಡಿಮೆಯಿತ್ತು. ಮೆಟ್ಟಿಲ ಮೇಲೆ ಕೂತೆವು. ನಾನು ಕೊಂಡುತಂದ ಅನಾನಸಿನ ಹೋಳುಗಳಿಗೆ ಇರುವೆ ಹತ್ತಿದವು, ಅವರು ಮುಟ್ಟಲಿಲ್ಲ. ಜೇಬಿನಿಂದ ಕಾರಿನ ಕೀಲಿ ತೆಗೆದು ನನ್ನ ಕೈಗಿಟ್ಟರು. ನನಗೆ ಕಾರು ಬಿಡಲು ಬರುವುದಿಲ್ಲ, ಅದು ಅವರಿಗೂ ಗೊತ್ತು.

"ಗಾಡಿ ಇಲ್ಲೇ ಇರ್ಲಿ. ನಿನ್ನ ತಮ್ಮ ನಾಳೆ ಬಂದು ತಗಂಡು ಹೋಗ್ಲಿ" ಎಂದರು.

ಬಸ್ ನಿಲ್ದಾಣದಲ್ಲಿ ಮುಕ್ಕಾಲು ಗಂಟೆ ಕಾದೆವು. ಹೆಂಗಸರಿಗೆ ಬಿಟ್ಟಿ ಪ್ರಯಾಣ, ಅವರೊಬ್ಬರಿಗೆ ಟಿಕೆಟ್ ಸಾಕು ಎಂದು ತಮಾಷೆ ಮಾಡಿ ನೋಡಿದೆ. ಧೂಳೆಬ್ಬಿಸಿಕೊಂಡು ಬಸ್ಸೊಂದು ಬಂದು ನಿಂತಿತು. ಅವರು ಕಣ್ಣು ಕಿರಿದು ಮಾಡಿ ಅದರ ಹಣೆಯ ಕಡೆ ನೋಡಿದರು. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ನನ್ನ ತೋಳು ಹಿಡಿದು, "ಬೋರ್ಡಲ್ಲಿ ಎಂತ ಇದ್ದು? ಓದು" ಎಂದರು.

ನೋಡಿದೆ. ಕಣ್ಣಲ್ಲಿ ನೀರು ತುಂಬಿ ನನಗೂ ಒಂದಕ್ಷರ ಕಾಣಲಿಲ್ಲ. ಕಂಡಕ್ಟರನನ್ನೇ ಕೇಳಬೇಕಾಯಿತು.