ಜಗಳೂರಿನ ಕೌಂಟಿ ಸರ್ಕಾರವೂ ನಮ್ಮ ಹೇಮಾವತಿ ಮೇಡಂ ಅವರೂ

ರಾಜ್ಯಶಾಸ್ತ್ರದ ಪಾಠ ನಮ್ಮಲ್ಲಿ ಸಾಮಾನ್ಯವಾಗಿ ದೆಹಲಿಯಲ್ಲಿ ಆರಂಭವಾಗಿ, ಬೆಂಗಳೂರಿಗೆ ಬರುವಷ್ಟರಲ್ಲಿ ಪರೀಕ್ಷೆಯೇ ಬಂದುಬಿಡುತ್ತದೆ. ತಾಲ್ಲೂಕು ಕೇಂದ್ರದವರೆಗೆ ಬಂದು ಮುಟ್ಟುವ ಅಧ್ಯಾಪಕರು ಅಪರೂಪ. ಆ ಅಪರೂಪದವರಲ್ಲಿ ಒಬ್ಬರು, ಈ ವರ್ಷ ನಿವೃತ್ತರಾಗುತ್ತಿರುವ ನಮ್ಮ ಪೂಜ್ಯ ಗುರುಗಳಾದ ಡಾ. ಹೇಮಾವತಿಯವರು. ಅವರು ಸಂಶೋಧನೆಗೆ ಆರಿಸಿಕೊಂಡ ವಿಷಯವೋ, ಅಮೆರಿಕದ ಒಂದು ಪುಟ್ಟ ಕೌಂಟಿ ಕೇಂದ್ರದ ಇತಿಹಾಸ ಮತ್ತು ಆಡಳಿತ! ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕು ಇದ್ದಂತೆ; ಅದರ ಕಚೇರಿ, ಕೋರ್ಟು, ಜೈಲು ಇರುವ ಊರೇ ಕೌಂಟಿ ಕೇಂದ್ರ. ವಿಮಾನ ಹತ್ತದ ಮೇಡಂಗೆ ಆ ಊರಿನ ಪ್ರತಿ ಬೀದಿಯೂ ಗೊತ್ತಿತ್ತು. ಅಲ್ಲಿಯ ಜನ ಪೊಲೀಸ್ ಮುಖ್ಯಸ್ಥನಾದ ಶೆರಿಫನನ್ನೂ ಓಟು ಹಾಕಿಯೇ ಆರಿಸುತ್ತಾರೆ ಎಂದು ಅವರು ಹೇಳುತ್ತಿದ್ದ ಪರಿಗೆ, ಆತ ನಮ್ಮ ಓಣಿಯವನೇ ಇರಬೇಕು ಅನ್ನಿಸುತ್ತಿತ್ತು.

ಬಸವಾಪಟ್ಟಣದಲ್ಲಿ ಹುಟ್ಟಿ ಬೆಳೆದ ಮೇಡಂ ವೃತ್ತಿ ಆರಂಭಿಸಿದ್ದು ಚನ್ನಗಿರಿಯಲ್ಲಿ. ತರಗತಿಯನ್ನೇ ಕೌಂಟಿಯಾಗಿಸಿ, ವಿದ್ಯಾರ್ಥಿಗಳಿಂದಲೇ ಚುನಾವಣೆ ನಡೆಸಿ, ಶನಿವಾರಕ್ಕೊಮ್ಮೆ ಸಭೆ ಸೇರಿಸುವ ಪದ್ಧತಿಯನ್ನು ಅವರು ಹಾಕಿದ್ದೂ ಅಲ್ಲಿಯೇ. ಮುಂದೆ ಹೊನ್ನಾಳಿಗೆ ವರ್ಗವಾದಾಗ, ತರಗತಿಯ ಕೌಂಟಿಗೆ ಕೇಂದ್ರ ಯಾವ ಊರಾಗಬೇಕೆಂದು ಸಾಸ್ವೆಹಳ್ಳಿಯ ಹುಡುಗರಿಗೂ ಗೋವಿನಕೋವಿಯ ಹುಡುಗರಿಗೂ ಜಗಳ ಹತ್ತಿ, ಸೋತ ಸಾಸ್ವೆಹಳ್ಳಿಯವರು ನ್ಯಾಯಾಧೀಶರ ಕುರ್ಚಿಯನ್ನೇ ಬಸ್ಸಿನ ಟಾಪಿಗೆ ಹಾಕಿಕೊಂಡು ಹೋದರಂತೆ. ಪ್ರಾಂಶುಪಾಲರು ಕೆಂಡವಾದರೆ, ಅಮೆರಿಕದಲ್ಲಿಯೂ ಕೌಂಟಿ ಕೇಂದ್ರಕ್ಕಾಗಿ ಊರೂರುಗಳ ನಡುವೆ ಹೀಗೆಯೇ ಜಗಳವಾಗಿತ್ತೆಂದು ಮೇಡಂ ನಗುತ್ತಾ ಹೋಗಿ ಕುರ್ಚಿ ಬಿಡಿಸಿಕೊಂಡು ಬಂದರಂತೆ.

ನಾನು ಅವರ ಕೈಗೆ ಸಿಕ್ಕಿದ್ದು ಜಗಳೂರಿನಲ್ಲಿ. ಬಿ.ಎ. ಎರಡನೇ ವರ್ಷದಲ್ಲಿ ನಾನು ನಮ್ಮ ತರಗತಿಯ ಕೌಂಟಿಯಲ್ಲಿ ಆಡಳಿತ ನೋಡಿಕೊಳ್ಳುವ ಕಮಿಷನರ್ ಆಗಿ ಗೆದ್ದೆ. ಗೆದ್ದ ಸುದ್ದಿಯನ್ನು ಮನೆಯಲ್ಲಿ ಕೊಂಚ ಜೋರಾಗಿಯೇ ಹೇಳಿದೆ. ನಮ್ಮಜ್ಜಿ ಕಾಟಮ್ಮನಿಗೆ ಅಷ್ಟೇ ಸಾಕಾಯಿತು. ಮೊಮ್ಮಗಳು ಸರ್ಕಾರದಲ್ಲಿ ಕಮಿಷನರ್ ಆಗಿದ್ದಾಳೆಂದು ಹಟ್ಟಿಗೆಲ್ಲ ಸಾರಿಕೊಂಡು ಬಂದಳು.

ಆದರೆ ಅದೇ ದಿನಗಳಲ್ಲಿ ನನ್ನ ಓದಿಗೇ ಸಂಚಕಾರ ಬಂದಿತ್ತು. ಸಂಜೆ ಬಸ್ಸು ನಮ್ಮ ಹಟ್ಟಿಯ ಕ್ರಾಸಿನಲ್ಲಿ ನಿಲ್ಲುತ್ತಿರಲಿಲ್ಲ. ಮುಂದಿನ ಊರಲ್ಲಿ ಇಳಿದು ಕತ್ತಲಲ್ಲಿ ಹಿಂದಕ್ಕೆ ನಡೆಯಬೇಕಿತ್ತು. ನಮ್ಮಪ್ಪ ಚಿಕ್ಕಹನುಮಂತಪ್ಪ ಕೆಟ್ಟವರಲ್ಲ, ಹೆದರಿದವರು. ದಸರಾ ಕಳೆದ ಮೇಲೆ ಕಾಲೇಜು ಬೇಡ ಎಂದುಬಿಟ್ಟರು. ನಾನು ಕಾಲೇಜಿನಲ್ಲಿ ಇದನ್ನು ಯಾರಿಗೂ ಹೇಳಿರಲಿಲ್ಲ.

ಆ ಶನಿವಾರ ಕೌಂಟಿ ಸಭೆ ಸೇರಿತ್ತು. ಬಾಗಿಲಲ್ಲಿ ನೋಡಿದರೆ, ಸೆರಗಿನಲ್ಲಿ ಮಂಡಕ್ಕಿ ಕಟ್ಟಿಕೊಂಡ ನಮ್ಮಜ್ಜಿ! ನಮ್ಮ ಕೌಂಟಿಗೆ ಶೆರಿಫ್ ಆಗಿ ಗೆದ್ದಿದ್ದ ಸಹಪಾಠಿ ತಿಮ್ಮೇಶ್ ಓಡಿ ಹೋಗಿ, ಕ್ಲಾಸ್ ನಡೀತೈತೆ, ಹೊರಗೆ ಕೂತ್ಕೋರಿ ಎಂದ. ಅಜ್ಜಿ ಅವನನ್ನು ಪಕ್ಕಕ್ಕೆ ಸರಿಸಿ ಒಳಗೇ ಬಂದಳು.

“ನಮ್ಮ ಹುಡುಗಿ ನಿಮ್ಮ ಸರ್ಕಾರದಾಗೆ ಕಮಿಷನರ್ ಆಗ್ಯಾಳಂತೆ. ಸಂಜೆ ಬಸ್ಸು ನಮ್ಮ ಕ್ರಾಸ್‌ನಾಗೆ ನಿಲ್ಲಂಗೆ ಮಾಡ್ರಿ. ಇಲ್ಲಾಂದ್ರೆ ಹಬ್ಬ ಆದ ಮ್ಯಾಲೆ ಅವರಪ್ಪ ಕಾಲೇಜು ಬಿಡಿಸ್ತಾನೆ.”

ತರಗತಿಯೆಲ್ಲ ಗೊಳ್ಳೆಂದಿತು. ನೆಲ ಬಾಯಿಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿ ನಾನು ತಲೆ ತಗ್ಗಿಸಿದೆ. ಮೇಡಂ ಮಾತ್ರ ನಗಲಿಲ್ಲ.

“ಬಾಗಿಲು ದಾಟಿ ಬಂದೋರ ಮಾತು ಕೇಳ್ತೀವಿ ಅಂತ ನಿಯಮ ಮಾಡಿದೋರು ನೀವೇ,” ಎಂದರು. “ಈಗ ಕೇಳಿ.”

ನ್ಯಾಯಾಧೀಶರ ಕುರ್ಚಿಯಲ್ಲಿ ಅಜ್ಜಿಯನ್ನು ಕೂರಿಸಿ, ನೀರು ಕೊಟ್ಟು, ಇದು ಮಕ್ಕಳು ಕಲಿಯುವುದಕ್ಕೆ ಮಾಡಿಕೊಂಡ ಸರ್ಕಾರ, ಬಸ್ಸು ನಮ್ಮ ಕೈಯಲ್ಲಿಲ್ಲವೆಂದು ಮೇಡಂ ಮುಚ್ಚುಮರೆಯಿಲ್ಲದೆ ತಿಳಿಸಿದರು. ಅಜ್ಜಿ ಕದಲಲಿಲ್ಲ.

“ಕಲಿಯಾಕೇ ಅಂದ್ರೆ, ನನ್ನ ಬಸ್ಸಿನ ಮ್ಯಾಲೇ ಕಲೀರಿ ಬಿಡ್ರಿ,” ಎಂದಳು.

ಅಂದಿನ ಪಾಠ ಅದೇ ಆಯಿತು. ಬಸ್ಸು ಯಾರ ಕೈಯಲ್ಲಿದೆ, ಅವರನ್ನು ಕೇಳುವ ಹಕ್ಕು ಯಾರಿಗಿದೆ ಎಂದು ಮಂಡಕ್ಕಿ ಮೆಲ್ಲುತ್ತಲೇ ಚರ್ಚೆ ನಡೆಯಿತು. ಸೋಮವಾರ ಮೇಡಂ ತಮ್ಮ ರಜೆ ಹಾಕಿ ನಮ್ಮನ್ನು ಡಿಪೋಗೆ ಕರೆದೊಯ್ದರು. ಅಲ್ಲಿಯ ಅಧಿಕಾರಿ ಗುರುಬಸವರಾಜ್ ಅವರು ಯಾರು ನೀವೆಲ್ಲ ಎಂದು ಕೇಳಿದಾಗ ತಿಮ್ಮೇಶ್ ಅಭ್ಯಾಸಬಲದಿಂದ ಶೆರಿಫ್ ಅಂದುಬಿಟ್ಟ. ನಗು ನಿಂತ ಮೇಲೆ ಅವರು, ಗ್ರಾಮಸಭೆಯ ಠರಾವು ತನ್ನಿ, ಪರಿಶೀಲಿಸುತ್ತೇನೆ ಎಂದರು. ಗ್ರಾಮಸಭೆಯಲ್ಲಿ ಮೇಡಂ ಹಿಂದಿನ ಸಾಲಿನಲ್ಲಿ ಕುಳಿತು ಒಂದು ಮಾತೂ ಆಡಲಿಲ್ಲ. ಮಾತನಾಡಿದವಳು ಅಜ್ಜಿ, ಅವಳ ಹಿಂದೆ ಹಟ್ಟಿಯ ಹೆಂಗಸರೆಲ್ಲ ಎದ್ದು ನಿಂತರು. ಠರಾವಾಯಿತು. ದಸರಾ ರಜೆ ಮುಗಿದು ಕಾಲೇಜು ತೆರೆದ ದಿನ ಸಂಜೆ ಬಸ್ಸು ಕ್ರಾಸಿನಲ್ಲಿ ನಿಂತಾಗ, ನನ್ನನ್ನು ಕರೆದೊಯ್ಯಲು ಅಪ್ಪನೇ ಬಂದು ನಿಂತಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

ಇಂದು ನಾನು ನ್ಯಾಮತಿ ಸೀಮೆಯ ಒಂದು ಪಂಚಾಯಿತಿಯಲ್ಲಿ ಅಭಿವೃದ್ಧಿ ಅಧಿಕಾರಿ. ಬಾಗಿಲು ದಾಟಿ ಬಂದವರ ಮಾತು ಕೇಳುತ್ತೇನೆ. ಎಷ್ಟೋ ಸಲ ಕೆಲಸ ನನ್ನ ಕೈಯಲ್ಲಿರುವುದಿಲ್ಲ, ಆಗ ಅದು ಯಾರ ಕೈಯಲ್ಲಿದೆಯೆಂದು ಅವರ ಜೊತೆಗೇ ಹುಡುಕಲು ಹೊರಡುತ್ತೇನೆ. ಈ ಬುದ್ಧಿ ನನ್ನದಲ್ಲ, ಮೇಡಂ ಅವರದು.

ನಿವೃತ್ತಿಯೆಂದರೆ ವಿಶ್ರಾಂತಿ ಎಂದು ಯಾರಾದರೂ ಹೇಳಿದರೆ ಮೇಡಂ ನಂಬುವವರಲ್ಲ. ತಾಲ್ಲೂಕುಗಳ ಬಗ್ಗೆ ಅವರು ಬರೆಯಬೇಕಾದ್ದು ಇನ್ನೂ ಬೇಕಾದಷ್ಟಿದೆ. ಅದಕ್ಕೆ ಬೇಕಾದ ಆಯುಸ್ಸು, ಆರೋಗ್ಯ, ಗಟ್ಟಿ ದನಿ ಎಲ್ಲವೂ ಅವರಿಗಿರಲಿ. ಜೊತೆಗೆ ಅಜ್ಜಿಯದೊಂದು ಅಹವಾಲು ಇದೆ, ಮೇಡಂ. ಅವಳ ಪಾಲಿಗೆ ನಿಮ್ಮ ಸರ್ಕಾರ ಇನ್ನೂ ಬಿದ್ದಿಲ್ಲ. ಒಮ್ಮೆ ಹಟ್ಟಿಗೆ ಬರಲೇಬೇಕಂತೆ. ಜಗಳೂರಿನಲ್ಲಿ ಸಂಜೆ ಬಸ್ಸು ಹತ್ತಿ, “ಕಮಿಷನರ್ ಕ್ರಾಸ್” ಎಂದು ಟಿಕೆಟ್ ಕೇಳಿರಿ. ಈಗ ಕಂಡಕ್ಟರುಗಳೂ ಅದನ್ನು ಹಾಗೆಯೇ ಕರೆಯುತ್ತಾರೆ. ಇಳಿಯುವ ಕಡೆ ಕಾಟಮ್ಮ ಮಂಡಕ್ಕಿ ಕಟ್ಟಿಕೊಂಡು ಕೂತಿರುತ್ತಾಳೆ.

— ದುರ್ಗಾಂಬಿಕಾ