ಎಂಟೂವರೆಗೆ ನಿಲ್ಲುವ ನೆಟ್ಟು

ಕಾಕಾ ತೀರಿಕೊಂಡ ಮೇಲೂ ನಮ್ಮ ಮನೆಯ ಇಂಟರ್‌ನೆಟ್ಟು ದಿನಾ ರಾತ್ರಿ ಎಂಟೂವರೆಗೆ ನಿಲ್ಲುತ್ತಿತ್ತು.

ಇದನ್ನು ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ. ತಪ್ಪು ಅವರದಲ್ಲ. ನಾನು ಬಾಯಿ ತೆರೆದರೆ ನಗಬೇಕು ಅಂತ ನಮ್ಮ ಓಣಿಯಲ್ಲೊಂದು ರೂಢಿ ಬಿದ್ದುಬಿಟ್ಟಿದೆ. ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು ‘ಕುಷ್ಟಗಿ, ಕುಷ್ಟಗಿ’ ಅಂತ ಮೂಗಿನಲ್ಲಿ ಕೂಗುವುದು, ಕಿರಾಣಿ ಅಂಗಡಿಯವನು ಗಲ್ಲಾ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡೇ ಚಿಲ್ಲರೆ ಇಲ್ಲ ಅನ್ನುವುದು, ಬೀಗರು ಬಂದರೆ ನಮ್ಮ ದೊಡ್ಡಪ್ಪ ದೊಡ್ಡ ಮನುಷ್ಯನ ಹಾಗೆ ಕೆಮ್ಮುವುದು, ಎಲ್ಲ ದನಿಗಳೂ ನನ್ನ ಗಂಟಲಲ್ಲಿ ಬಾಡಿಗೆಗಿವೆ. ಕೆಲಸ ಕೇಳಲಿಕ್ಕೆ ಫೋನು ಮಾಡಿದಾಗ ಹೊರಡುವ ನನ್ನದೇ ದನಿಯನ್ನೂ ತೆಗೆದು ತೋರಿಸುತ್ತೇನೆ. ಅದಕ್ಕೇ ಮಂದಿ ಹೆಚ್ಚು ನಗುತ್ತಾರೆ.

ನಾನು ಯಲಬುರ್ಗಾ ಕಡೆಯ ಬೇವೂರಿನವನು. ಡಿಗ್ರಿ ಓದಲಿಕ್ಕೆ ಅಂತ ಗಂಗಾವತಿಗೆ, ಅಪ್ಪನ ತಮ್ಮನಾದ ಕಾಕಾ ಮತ್ತು ಕಾಕಿಯ ಮನೆಗೆ ಬಂದೆ. ಡಿಗ್ರಿ ಮುಗಿಯಿತು, ನಾನು ಎದ್ದು ಹೋಗಲಿಲ್ಲ. ಮಾಳಿಗೆಯ ಮೇಲಿನ ಕೋಣೆಯಲ್ಲಿ ಕೂತು ಮಂದಿಯ ದನಿ ತೆಗೆದು ವಿಡಿಯೋ ಮಾಡಿ ಬಿಡುತ್ತಿದ್ದೆ. ಅದೊಂದು ಉದ್ಯೋಗ ಅಂತ ಕಾಕಾನಿಗೆ ಎಂದೂ ಅನ್ನಿಸಲಿಲ್ಲ. ನನಗೂ ಅಷ್ಟೇನೂ ಅನ್ನಿಸುತ್ತಿರಲಿಲ್ಲ, ಆದರೆ ಅದನ್ನು ಆತನ ಮುಂದೆ ಒಪ್ಪಿಕೊಳ್ಳುವಷ್ಟು ದಡ್ಡ ನಾನಲ್ಲ.

ಮನೆಯಲ್ಲಿ ಮೂರು ಕಂಪ್ಯೂಟರು. ಪಡಸಾಲೆಯಲ್ಲಿ ಕಾಕಾನದು. ಆತ ರೈಸ್‌ಮಿಲ್ಲಿನ ಗುಮಾಸ್ತ, ಅಲ್ಲಿ ಮುಗಿಯದ ಲೆಕ್ಕವನ್ನು ಮನೆಗೆ ತಂದು ಮಾಡುತ್ತಿದ್ದ. ಒಳಕೋಣೆಯಲ್ಲಿ ಕಾಕಾನ ಮಗಳದು. ನನಗಿಂತ ದೊಡ್ಡವಳು, ಅಕ್ಕ ಅನ್ನುತ್ತೇನೆ. ಎಲ್ಲೆಲ್ಲಿಯದೋ ಊರಿನ ಮಕ್ಕಳಿಗೆ ಕಂಪನಿಯೊಂದರ ಪರವಾಗಿ ಕಂಪ್ಯೂಟರಿನಲ್ಲೇ ಗಣಿತ ಹೇಳಿಕೊಡುವುದು ಅವಳ ಕೆಲಸ. ಮೇಲೆ ನನ್ನದು, ಮೂರು ಕೈ ದಾಟಿ ಬಂದದ್ದು. ಮೊದಲೆಲ್ಲ ಕಂಬದಿಂದ ಬಂದ ಒಂದೇ ವೈರನ್ನು ಯಾರ ಕಂಪ್ಯೂಟರಿಗೆ ಚುಚ್ಚಿದರೆ ಅವರಿಗಷ್ಟೇ ನೆಟ್ಟು. ಒಬ್ಬರು ನೀರು ಕುಡಿಯಲಿಕ್ಕೆ ಎದ್ದರೆ ಇನ್ನೊಬ್ಬರು ವೈರು ಕಿತ್ತುಕೊಂಡು ಓಡುವುದು. ಆ ಜಗಳ ಕೇಳಿ ಕೇಳಿ ಬೇಸತ್ತು ಕಾಕಾ ಒಂದು ದಿನ ರೌಟರ್ ತಂದ. ಕೇಬಲ್‌ನವನು ಬಂದು ಕೂಡಿಸಿಕೊಟ್ಟ. ಕಂಬದ ವೈರು ಅದರ ಬೆನ್ನಿಗೆ, ಅಲ್ಲಿಂದೊಂದು ಗಿಡ್ಡ ವೈರು ಕಾಕಾನ ಕಂಪ್ಯೂಟರಿಗೆ, ಅಕ್ಕನಿಗೂ ನನಗೂ ಗಾಳಿಯಲ್ಲೇ.

ಕಾಕಾ ನಮ್ಮನ್ನು ಮುಂದೆ ಕೂಡಿಸಿಕೊಂಡು, ಇದು ತೂಬು ಇದ್ದ ಹಾಗೆ, ಕಾಲುವೆ ಒಂದೇ, ಹೊಲ ಮೂರು, ಯಾರೂ ಒಡ್ಡು ಒಡೆಯುವ ಹಾಗಿಲ್ಲ ಅಂತ ಹೇಳಿದ. ನನ್ನದು ಕಾಲುವೆಯ ಕೊನೆಯ ಹೊಲ. ಮೇಲಿನವರು ಕುಡಿದು ಬಿಟ್ಟದ್ದೇ ನನ್ನ ಪಾಲು.

ಕಾಕಾನದು ಇನ್ನೊಂದು ಕಾಯಿದೆ ಇತ್ತು. ರಾತ್ರಿ ಎಲ್ಲರೂ ಒಟ್ಟಿಗೆ ಉಣ್ಣಬೇಕು. ಎಂಟೂವರೆಗೆ ಮೂರೂ ಕಂಪ್ಯೂಟರಿನಲ್ಲಿ ನೆಟ್ಟು ಹೋಗುತ್ತಿತ್ತು, ಹಿಂದೆಯೇ ಪಡಸಾಲೆಯಿಂದ ಆತನ ದನಿ ಬರುತ್ತಿತ್ತು: ‘ಏಳ್ರಿ, ರೊಟ್ಟಿ ಆರ್ತಾವು.’ ಮಂಡಿನೋವಿನಿಂದಾಗಿ ಆತ ನೆಲಕ್ಕೆ ಕೂಡುತ್ತಿರಲಿಲ್ಲ. ರೌಟರಿನ ಪಕ್ಕದ ಕುರ್ಚಿಯಲ್ಲೇ ಕೂತು, ಸ್ಟೂಲಿನ ಮೇಲೆ ತಾಟು ಇಟ್ಟುಕೊಂಡು ಉಣ್ಣುತ್ತಿದ್ದ. ರೌಟರ್ ಆತನ ಮೈಯ ಮರೆಗೆ ಇರುತ್ತಿತ್ತು, ಹೀಗಾಗಿ ಆತನೇ ಕೈ ಚಾಚಿ ಅದನ್ನು ಬಂದ್ ಮಾಡುತ್ತಾನೆ ಅಂತ ನಾವು ತಿಳಿದಿದ್ದೆವು. ಒಂಬತ್ತಕ್ಕೆ ಕೈ ತೊಳೆಯುವ ಹೊತ್ತಿಗೆ ನೆಟ್ಟು ಮತ್ತೆ ಬರುತ್ತಿತ್ತು. ಐದು ನಿಮಿಷ ತಡಿ ಅಂದರೆ ಆತ ತಡೆಯುವವನಲ್ಲ. ಅಕ್ಕನಿಗೆ ಒಮ್ಮೆ ಎಂಟರಿಂದ ಒಂಬತ್ತರ ತರಗತಿ ಕೊಡುತ್ತೇವೆ ಅಂತ ಕಂಪನಿಯವರು ಕೇಳಿದ್ದರು. ಉಣ್ಣುವ ಹೊತ್ತಿನಲ್ಲಿ ಎಂಥ ಸಾಲಿ ಅಂತ ಕಾಕಾ ಅವಳ ಬಾಯಿಂದ ಬೇಡ ಅಂತ ಹೇಳಿಸಿದ್ದ.

ಭತ್ತದ ಸುಗ್ಗಿಯಲ್ಲಿ, ಮಿಲ್ಲಿನಲ್ಲೇ, ಆತ ಹೋದ. ಕುರ್ಚಿಯಿಂದ ಎದ್ದವನು ಮತ್ತೆ ಕೂತನಂತೆ. ಅಷ್ಟೇ.

ಮನೆ ತುಂಬ ಮಂದಿ ಇರುವ ತನಕ ಯಾರಿಗೂ ನೆಟ್ಟಿನ ಧ್ಯಾಸವಿರಲಿಲ್ಲ. ದಿನಕರ್ಮ ಮುಗಿದು ಎಲ್ಲರೂ ಅವರವರ ಊರಿನ ಬಸ್ಸು ಹತ್ತಿದರು. ಆಮೇಲಿನ ಮೊದಲ ರಾತ್ರಿ ನಾನು ಮೇಲಿನ ಕೋಣೆಯಲ್ಲಿ ಸುಮ್ಮನೆ ಏನೋ ನೋಡುತ್ತ ಕೂತಿದ್ದೆ. ಚಿತ್ರ ನಿಂತಿತು. ಗಡಿಯಾರ ನೋಡಿದೆ. ಕಾಲು ತಾವಾಗಿಯೇ ಎದ್ದವು, ಮೆಟ್ಟಿಲಿಳಿದವು. ಕೆಳಗೆ ಅಕ್ಕನೂ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದಳು. ರೌಟರಿನ ಹಸಿರು ದೀಪಗಳು ಮಿಣುಕುತ್ತಲೇ ಇದ್ದವು. ಯಾರೂ ಅದನ್ನು ಬಂದ್ ಮಾಡಿರಲಿಲ್ಲ. ಪಕ್ಕದ ಕುರ್ಚಿ ಖಾಲಿ.

ಅಡುಗೆಮನೆಯಿಂದ ಕಾಕಿ ಹೊರಗೆ ಬಂದಳು. ನಮ್ಮಿಬ್ಬರ ಮುಖ ನೋಡಿದಳು, ಗಡಿಯಾರ ನೋಡಿದಳು, ಕುರ್ಚಿ ನೋಡಿದಳು. ಒಳಗೆ ಹೋಗಿ ತಾಟಿನಲ್ಲಿ ಒಂದು ರೊಟ್ಟಿ, ಪುಂಡಿಪಲ್ಯ, ಚೂರು ಬೆಲ್ಲ ಹಾಕಿಕೊಂಡು ಬಂದು ಸ್ಟೂಲಿನ ಮೇಲಿಟ್ಟಳು.

‘ಬಂದಾರ,’ ಅಂದಳು.

ಕಾಕಾ ಹೋದಾಗಿನಿಂದ ಆಕೆ ರಾತ್ರಿಯ ಊಟ ಬಿಟ್ಟಿದ್ದಳು. ಯಾರು ಎಷ್ಟು ಹೇಳಿದರೂ ಒಂದು ಲೋಟ ಮಜ್ಜಿಗೆ ಕುಡಿದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಅಂದು ಸ್ಟೂಲಿನ ಎದುರು ನೆಲಕ್ಕೆ ಕೂತು ಎರಡು ರೊಟ್ಟಿ ಉಂಡಳು. ನಾವೂ ಉಂಡೆವು. ಮೂವರೂ ಕುರ್ಚಿಗೆ ಬೆನ್ನು ಮಾಡದ ಹಾಗೆ ಕೂತಿದ್ದೆವು ಅನ್ನುವುದು ನನಗೆ ಉಂಡಾದ ಮೇಲೆ ಹೊಳೆಯಿತು. ಒಂಬತ್ತಕ್ಕೆ ನೆಟ್ಟು ಬಂತು. ಕಾಕಿ ತಾಟು ಎತ್ತಿದಳು.

ಹಿರಿಯರಿಗೆ ಅಮಾವಾಸ್ಯೆಗೋ ಹಬ್ಬಕ್ಕೋ ಎಡೆ ಇಡುವುದು ಎಲ್ಲರ ಮನೆಯಲ್ಲೂ ಇದೆ. ನಮ್ಮ ಮನೆಯಲ್ಲಿ ಅದು ದಿನಾ ಆಯಿತು, ಕರೆಯುವುದಕ್ಕೆ ನೆಟ್ಟು ಆಯಿತು. ಕಾಕಿ ಮಂಗಳವಾರಕ್ಕೊಮ್ಮೆ ಹೇಮಗುಡ್ಡದ ದುರ್ಗಮ್ಮನ ಕುಂಕುಮವನ್ನು ದೇವರ ಜಗಲಿಗೆ ಹಚ್ಚಿ, ಉಳಿದದ್ದನ್ನು ರೌಟರಿನ ಹಣೆಗೆ ಹಚ್ಚುತ್ತಿದ್ದಳು. ಅಕ್ಕ ಒಮ್ಮೆ ಕೇಬಲ್‌ನವನನ್ನು ಕರೆಸಿದಳು. ಆತ ಮಧ್ಯಾಹ್ನ ಬಂದು, ಕಂಬದಿಂದ ಮನೆತನಕ ಎಲ್ಲ ಛಲೋ ಐತ್ರಿ ಅಂತ ಹೇಳಿ, ಕುಂಕುಮ ಕಂಡು ಚಪ್ಪಲಿ ಬಿಟ್ಟದ್ದು ಒಳ್ಳೆಯದಾಯಿತು ಅನ್ನುವಂತೆ ಮುಖ ಮಾಡಿ ಹೋದ. ಆತನ ನಡಿಗೆಯನ್ನು ನಾನು ಅಕ್ಕನಿಗೆ ಮಾಡಿ ತೋರಿಸಿದೆ. ಅವಳು ನಕ್ಕಳು. ಆದರೂ ರಾತ್ರಿ ಎಂಟೂಕಾಲಾದರೆ ಇಬ್ಬರ ಮಾತೂ ತಾನಾಗಿ ಸಣ್ಣದಾಗುತ್ತಿತ್ತು.

ಕಂಪ್ಯೂಟರ್ ಗೊತ್ತಿರುವವನು ಅಂತ ನಮ್ಮ ಓಣಿಯಲ್ಲಿ ನನ್ನ ಹೆಸರಿದೆ. ಗೊತ್ತಿರುವುದು ವಿಡಿಯೋ ಕತ್ತರಿಸುವುದಷ್ಟೇ. ಆದರೂ ಕಾರಣ ಹುಡುಕಬಹುದಿತ್ತು. ಹುಡುಕಲಿಲ್ಲ. ಕಾಕಿ ಉಣ್ಣುತ್ತಿದ್ದಳಲ್ಲ.

ಒಂದು ರಾತ್ರಿ ಇನ್ನೂ ಕೆಟ್ಟದ್ದು ಆಯಿತು. ನೆಟ್ಟು ನಿಂತಿತು, ನಾನು ಮೆಟ್ಟಿಲಿಳಿಯುತ್ತಿದ್ದೆ, ಯಾವುದೋ ಬೇರೆ ಯೋಚನೆಯಲ್ಲಿದ್ದೆ. ನನ್ನ ಬಾಯಿಂದ ‘ಏಳ್ರಿ, ರೊಟ್ಟಿ ಆರ್ತಾವು’ ಅಂತ ಬಂತು. ನನ್ನ ದನಿಯಲ್ಲಲ್ಲ. ನಾನು ತೆಗೆಯಬೇಕು ಅಂತ ತೆಗೆದದ್ದೂ ಅಲ್ಲ. ಕೊನೆಯ ಮಾತು ಸ್ವಲ್ಪ ಗೊಗ್ಗರಾಗುವುದು ಸಹಿತ, ಎಲ್ಲಾ ಅದೇ.

ಒಳಕೋಣೆಯಿಂದ ಅಕ್ಕ, ‘ಬಂದೆ ಅಪ್ಪಾ,’ ಅಂದಳು.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವುದು ನಿಂತಿತು. ಅಕ್ಕ ಹೊರಗೆ ಬಂದಳು, ಮೆಟ್ಟಿಲ ಮೇಲೆ ನನ್ನನ್ನು ನೋಡಿದಳು, ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು. ಅಂದಿನಿಂದ ಊಟದ ಹೊತ್ತಿಗೆ ನಾನು ಬಾಯಿ ಮುಚ್ಚಿಕೊಂಡೇ ಇಳಿಯುತ್ತಿದ್ದೆ. ಗಂಟಲಲ್ಲಿ ಯಾರೋ ಕೂತಿದ್ದಾರೆ, ದಾರಿ ಬಿಟ್ಟರೆ ಎದ್ದು ಬರುತ್ತಾರೆ ಅನ್ನಿಸುತ್ತಿತ್ತು.

ಇಷ್ಟರಲ್ಲಿ ಮನೆ ನಡೆಯುವುದು ಅಕ್ಕನ ಕೆಲಸದ ಮೇಲೆ ಅಂತ ಆಗಿತ್ತು. ಕಂಪನಿಯವರು ಎಂಟರ ತರಗತಿಯನ್ನು ಮತ್ತೆ ಕೊಟ್ಟರು, ಈ ಸಲ ಅವಳು ಒಪ್ಪಿಕೊಂಡಳು. ಎಂಟೂವರೆ ಆಗುತ್ತಲೇ ಆ ಮಕ್ಕಳ ಮುಂದೆ ಅವಳ ಮುಖ ಅರ್ಧ ಬಾಯಿ ತೆರೆದು ನಿಂತುಬಿಡುತ್ತಿತ್ತು. ಫೋನಿನ ನೆಟ್ಟಿನಿಂದ ನಡೆಸಿ ನೋಡಿದಳು. ದಪ್ಪ ಕಲ್ಲಿನ ಗೋಡೆಯ ಆ ಒಳಕೋಣೆಯಲ್ಲಿ ಸಿಗ್ನಲ್ಲು ಕೈಗೆ ಸಿಕ್ಕರೆ ಕಾಲಿಗೆ ಸಿಗುವುದಿಲ್ಲ. ಇನ್ನೊಮ್ಮೆ ತರಗತಿ ಕಡಿದರೆ ಮಕ್ಕಳನ್ನೆಲ್ಲ ಬೇರೆ ಟೀಚರಿಗೆ ಕೊಟ್ಟುಬಿಡುತ್ತೇವೆ ಅಂತ ಕಂಪನಿಯಿಂದ ಫೋನು ಬಂತು.

ಮರುದಿನ ಬೆಳಿಗ್ಗೆ ಕಾಕಿ ಹೇಮಗುಡ್ಡಕ್ಕೆ ಹೋದದ್ದೇ ಅಕ್ಕ ನನ್ನ ಮುಂದೆ ಚಹಾ ತಂದಿಟ್ಟಳು. ಅವಳು ಚಹಾ ತಂದುಕೊಟ್ಟಳು ಅಂದರೆ ಏನೋ ಇದೆ.

‘ಲೇ, ಅದೇನೈತಿ ನೋಡು. ಅವ್ವಗ ಗೊತ್ತಾಗೂದು ಬ್ಯಾಡ.’

ಅಪ್ಪ ಬರೋದು ಬ್ಯಾಡೇನ ನಿನಗ ಅಂತ ಚಾಷ್ಟಿ ಮಾಡಿ ನಗಿಸಲಿಕ್ಕೆ ಹೋದವನು ಅರ್ಧಕ್ಕೇ ನುಂಗಿದೆ. ಅವಳ ಕಣ್ಣು ತುಂಬಿದ್ದವು.

ಕಾಕಾನ ಕಂಪ್ಯೂಟರನ್ನು ಅಲ್ಲಿಯ ತನಕ ಯಾರೂ ಹಚ್ಚಿರಲಿಲ್ಲ. ಅದರ ಮುಂದೆ ಕೂಡಬೇಕೆಂದರೆ ಆ ಕುರ್ಚಿಯಲ್ಲೇ ಕೂಡಬೇಕು. ದಿಂಬು ಆತನ ಮೈಗೆ ತಗ್ಗಾಗಿತ್ತು. ನನ್ನ ಸಣಕಲು ಮೈ ಆ ತಗ್ಗಿನಲ್ಲಿ ಒಂದು ಮೂಲೆಗೆ ಜಾರಿತು. ಕಂಪ್ಯೂಟರಿನ ಫ್ಯಾನು ಧೂಳು ಕೆಮ್ಮುತ್ತ ತಿರುಗಿತು. ರೌಟರಿಗೆ ಅದರದೇ ಒಂದು ಪುಟ ಇರುತ್ತದೆ, ಅದರೊಳಗೆ ಹೋಗಿ ಯಾರಿಗೆ ಎಷ್ಟು ನೆಟ್ಟು, ಯಾವಾಗ ಅಂತ ಇಡಬಹುದು ಅನ್ನುವುದು ನನಗೆ ಕೇಳಿ ಗೊತ್ತಿತ್ತು. ಗುಪ್ತಪದ ಏನಿರಬಹುದು ಅಂತ ಚಿಂತಿಸುವುದರೊಳಗೆ ಕಂಪ್ಯೂಟರೇ ಅದನ್ನು ತುಂಬಿಕೊಂಡಿತು. ಹಳೆಯ ಧಣಿಯೇ ಬಂದು ಕೂತ ಅಂತ ತಿಳಿದಿರಬೇಕು.

ಒಳಗೆ ಒಂದೇ ಕಟ್ಟಳೆ ಇತ್ತು. ಎಂಟೂವರೆಯಿಂದ ಒಂಬತ್ತು, ವಾರದ ಎಲ್ಲ ದಿನ, ಮನೆಯ ಎಲ್ಲ ಕಂಪ್ಯೂಟರುಗಳಿಗೆ ಬಂದ್. ಅದಕ್ಕೆ ಹೆಸರೂ ಇಟ್ಟಿದ್ದ, ಇಂಗ್ಲಿಷ್ ಅಕ್ಷರದಲ್ಲಿ: ಊಟ.

ಮೊದಲು ನಗು ಬಂತು. ಫೋಟೋ ಕಳಿಸು ಅಂದರೆ ಫೋನನ್ನೇ ಕೈಗೆ ಕೊಡುತ್ತಿದ್ದ ಮನುಷ್ಯ ಇದನ್ನು ಯಾರಿಂದಲೋ ಕಲಿತು, ನಮಗೆ ಕಾಣದ ಹಾಗೆ ಇಲ್ಲಿ ಕೂತು ಹಚ್ಚಿಟ್ಟಿದ್ದ. ನಾವು ಊಟಕ್ಕೆ ಎದ್ದು ಬರುವಾಗೆಲ್ಲ ಆತ ಕೈಯನ್ನೇ ಎತ್ತಿರಲಿಲ್ಲ. ಆಮೇಲೆ ನಗು ಹೋಯಿತು. ದೆವ್ವವಾಗಿದ್ದರೆ ಒಂದು ದಿನವಾದರೂ ತಡ ಮಾಡುತ್ತಿತ್ತು. ಇದು ತಡ ಮಾಡುವುದಿಲ್ಲ. ನಾವೆಲ್ಲ ಸತ್ತು ಮನೆ ಖಾಲಿಯಾದರೂ, ಕರೆಂಟು ಇರುವ ತನಕ, ಎಂಟೂವರೆಗೆ ಎಲ್ಲರನ್ನೂ ಊಟಕ್ಕೆ ಎಬ್ಬಿಸುತ್ತಲೇ ಇರುತ್ತದೆ.

ಅಳಿಸಲಿಕ್ಕೆ ಒಂದು ಗುಂಡಿ ಒತ್ತಿದರೆ ಸಾಕಿತ್ತು. ಅದರ ಮೇಲೆ ಬಾಣ ಇಟ್ಟುಕೊಂಡು ಕೂತೆ. ಅಕ್ಕ ಹಿಂದೆ ನಿಂತಿದ್ದಳು, ಒತ್ತು ಅಂತ ಅವಳೂ ಅನ್ನಲಿಲ್ಲ.

ಹೊಸ್ತಿಲಲ್ಲಿ ಬಳೆಯ ಸಪ್ಪಳವಾಯಿತು. ಕಾಕಿ ಕೈಯಲ್ಲಿ ಹೋಳು ತೆಂಗಿನಕಾಯಿ ಹಿಡಿದು ನಿಂತಿದ್ದಳು.

‘ಅವರ ಕುರ್ಚಿ ಮ್ಯಾಲ ಕುಂತು ಏನ್ ಮಾಡಾಕತ್ತಿ ತಮ್ಮಾ?’

ಎಷ್ಟೋ ಮಂದಿಯ ದನಿಯಲ್ಲಿ ಸುಳ್ಳು ಹೇಳಬಲ್ಲವನು ನಾನು. ಅಂದು ಒಂದೂ ಬರಲಿಲ್ಲ. ಇದ್ದದ್ದು ಹೇಳಿದೆ. ಕಾಕಾ ಬರುವುದಲ್ಲ, ಮಷೀನಿನಲ್ಲಿ ಹೀಗೆ ಇಟ್ಟದ್ದಿದೆ, ಅದು ದಿನಾ ತಾನೇ ನಡೆಯುತ್ತದೆ ಅಂತ.

ಕಾಕಿ ತೆಂಗಿನಕಾಯಿಯನ್ನು ದೇವರ ಜಗಲಿಯ ಮೇಲಿಟ್ಟಳು.

‘ಅದನ್ನ ಇಟ್ಟಾವ್ರು ಯಾರು?’

‘ಕಾಕಾನೇ.’

‘ಮತ್ತ? ಬಂದಾರ ಅಂತ ನಾ ಹೇಳಿದ್ದು ಸುಳ್ಳೇನು?’

ಅಕ್ಕ ಅಳುತ್ತ, ತರಗತಿಯದು, ಕಂಪನಿಯ ಫೋನಿನದು, ಎಲ್ಲ ಹೇಳಿದಳು. ಅದು ಕಾಕಿಗೆ ಗೊತ್ತಿರಲಿಲ್ಲ. ಆಕೆ ಹೊಸ್ತಿಲ ಮೇಲೆ ಕೂತು ರೌಟರಿನ ಕಡೆ ನೋಡಿದಳು. ಆಮೇಲೆ ನನ್ನನ್ನು ಕೇಳಿದಳು: ಇವಳೊಬ್ಬಳದನ್ನು ಬಿಟ್ಟು, ಉಳಿದದ್ದನ್ನು ಅವರು ಇಟ್ಟ ಹಾಗೇ ಇಡಲಿಕ್ಕೆ ಬರುತ್ತದೇನು ಅಂತ. ಬರುತ್ತಿತ್ತು. ಯಾವ ಕಂಪ್ಯೂಟರಿಗೆ ಈ ಕಟ್ಟಳೆ ಅಂತ ಆರಿಸಲಿಕ್ಕೆ ಅಲ್ಲೇ ಜಾಗವಿತ್ತು.

‘ಹಂಗಾರ ಮಾಡು. ಅವರನ್ನ ನಾ ಒಪ್ಪಸ್ತೀನಿ.’

ಅಂದು ರಾತ್ರಿ ಎಂಟೂವರೆಗೆ ನನ್ನ ನೆಟ್ಟು ನಿಂತಿತು. ಕೆಳಗಿಳಿದೆ. ಪಡಸಾಲೆಯ ಕಂಪ್ಯೂಟರಿಗೂ ನೆಟ್ಟು ಇರಲಿಲ್ಲ. ಒಳಕೋಣೆಯ ಮುಚ್ಚಿದ ಬಾಗಿಲ ಹಿಂದೆ ಅಕ್ಕನ ದನಿ ಮಾತ್ರ ನಡೆದಿತ್ತು. ಭಿನ್ನರಾಶಿ ಹೇಳುತ್ತಿದ್ದಳು, ಯಾವುದೋ ಮಗು ತಪ್ಪು ಉತ್ತರ ಹೇಳಿ ನಗುತ್ತಿತ್ತು. ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಅಂಥ ದನಿ ಹಿಂದೆಂದೂ ಕೇಳಿರಲಿಲ್ಲ.

ಕಾಕಿ ತಾಟು ತಂದು ಸ್ಟೂಲಿನ ಮೇಲಿಟ್ಟಳು. ನೆಲಕ್ಕೆ ಕೂತಳು. ನನಗೂ ಬಡಿಸಿದಳು, ತನಗೂ ಬಡಿಸಿಕೊಂಡಳು. ರೊಟ್ಟಿಗೆ ಕೈ ಹಾಕಿದವಳು ಮುರಿಯಲಿಲ್ಲ. ಬಾಗಿಲ ಕಡೆ ನೋಡಿದಳು. ಮತ್ತೆ ಎದ್ದು, ಅಡುಗೆಮನೆಯಿಂದ ಇನ್ನೊಂದು ತಾಟು ತಂದು ಸ್ಟೂಲಿನ ಮೇಲಿನ ತಾಟಿಗೆ ಬೋರಲು ಮುಚ್ಚಿದಳು. ಕುರ್ಚಿಯ ಕಡೆ ತಿರುಗಿ, ಜೀವವಿರುವವರಿಗೆ ಹೇಳುವಷ್ಟೇ ಸಾದಾ ದನಿಯಲ್ಲಿ ಅಂದಳು:

‘ಇವತ್ತ ಒಂದೀಟು ತಡೀರಿ. ಮಗಳು ಬರ್ಲಿ.’

ಯಾರಿಗೂ ಐದು ನಿಮಿಷ ಕಾಯದ ಮನುಷ್ಯ ಆತ. ರೌಟರಿನ ದೀಪಗಳು ಹಸಿರು ಮಿಣುಕುತ್ತಿದ್ದವು, ಒಳಗೆ ಅಕ್ಕ ಅದೇ ಲೆಕ್ಕವನ್ನು ಆ ಮಗುವಿಗೆ ಮೊದಲಿನಿಂದ ಹೇಳಿಕೊಡತೊಡಗಿದ್ದಳು. ತಾಟಿನಲ್ಲಿ ರೊಟ್ಟಿ ಆರಿ ಬಿರುಸಾಗುತ್ತಿತ್ತು. ಪಡಸಾಲೆಯಲ್ಲಿ ಕೂತವರು ಯಾರೂ ಏಳಲಿಲ್ಲ.